ಉಳಿದವನ ನೋವು

2021ರ ಏಪ್ರಿಲ್ 13ರ ನಸುಕಿನಲ್ಲಿ, ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲಿ ದೂರದ ಕಡಲಿನಲ್ಲಿ ಮೀನುಗಾರಿಕಾ ದೋಣಿಯೊಂದು ಸರಕು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಕೇರಳದ ಬೇಪೂರಿನಿಂದ ಹೊರಟಿದ್ದ ಆ ದೋಣಿಯಲ್ಲಿ ತಮಿಳುನಾಡು ಮತ್ತು ಪಶ್ಚಿಮ ಬಂಗಾಳದ 14 ಮಂದಿ ಇದ್ದರು. ಬದುಕಿ ದಡ ಸೇರಿದವರು ಇಬ್ಬರೇ.

ಇಂತಹ ದುರಂತಗಳಲ್ಲಿ ಮಡಿದವರಿಗಾಗಿ ನಾವು ಪ್ರಾರ್ಥಿಸುತ್ತೇವೆ. ಉಳಿದವನ ಬೆನ್ನು ತಟ್ಟಿ, "ದೇವರು ದೊಡ್ಡವನು, ನಿನ್ನನ್ನು ಕಾಪಾಡಿದ" ಎನ್ನುತ್ತೇವೆ. ಕೃತಜ್ಞತೆ ತಪ್ಪಲ್ಲ. ಆದರೆ ಅದೇ ಮಾತು ಪಕ್ಕದ ಮನೆಯ ವಿಧವೆಯ ಕಿವಿಗೆ ಬಿದ್ದರೆ? "ಹಾಗಾದರೆ ನನ್ನ ಗಂಡನನ್ನು ದೇವರು ಕೈಬಿಟ್ಟನೇ? ನಮ್ಮ ಮನೆಯಲ್ಲೂ ದಿನಾ ಜಪಸರ ಹೇಳುತ್ತಿದ್ದೆವಲ್ಲ?" ಎಂದು ಅವಳು ಕೇಳಿದರೆ ನಮ್ಮ ಉತ್ತರವೇನು? ಉಳಿದವನ ಎದೆಯೊಳಗೂ ಇದೇ ಪ್ರಶ್ನೆ ಕುದಿಯುತ್ತಿರುತ್ತದೆ: ಅವನು ಹೋದ, ನಾನೇಕೆ ಉಳಿದೆ?

ಸಿಲೊವಾಮಿನ ಗೋಪುರ ಕುಸಿದು 18 ಮಂದಿ ಸತ್ತ ಘಟನೆಯನ್ನು ಯೇಸುಸ್ವಾಮಿ ಪ್ರಸ್ತಾಪಿಸಿದ್ದನ್ನು ಸಂತ ಲೂಕರ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಓದುತ್ತೇವೆ. ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳೆಂಬ ಲೆಕ್ಕಾಚಾರವನ್ನು ಸ್ವಾಮಿ ಖಡಾಖಂಡಿತವಾಗಿ ತಳ್ಳಿಹಾಕಿದರು. ಸಾವು ತೀರ್ಪಲ್ಲವಾದರೆ, ಬದುಕಿ ಉಳಿದದ್ದೂ ಬಹುಮಾನವಲ್ಲ. ಸಂತ ಪೌಲರು ಮೂರು ಬಾರಿ ಹಡಗೊಡೆತಕ್ಕೆ ಸಿಕ್ಕಿದವರು, ಒಂದು ಹಗಲು ಒಂದು ರಾತ್ರಿ ಕಡಲಿನಲ್ಲೇ ಕಳೆದವರು. ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಅವರು ಇದನ್ನು ತಮ್ಮ ಪುಣ್ಯದ ಪಟ್ಟಿಗೆ ಸೇರಿಸದೆ, ಕಷ್ಟ ಮತ್ತು ದೌರ್ಬಲ್ಯಗಳ ಪಟ್ಟಿಗೆ ಸೇರಿಸುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. "ಅವನ ಕೈ ಹಿಡಿದಿದ್ದೆ, ಅಲೆಗೆ ಬಿಟ್ಟುಹೋಯಿತು" ಎಂದು ಉಳಿದವನು ಪಾಪನಿವೇದನೆಗೆ ಬರಬಹುದು. ಒಂದು ಕೃತ್ಯ ಮಾರಕ ಪಾಪವಾಗಬೇಕಾದರೆ ಪೂರ್ಣ ಅರಿವೂ ಮನಃಪೂರ್ವಕ ಸಮ್ಮತಿಯೂ ಇರಬೇಕೆಂದು ಧರ್ಮಸಭೆ ಕಲಿಸುತ್ತದೆ. ನೀರಿನಲ್ಲಿ ತ್ರಾಣ ಸೋತ ಕೈಯಲ್ಲಿ ಎಲ್ಲಿಯ ಸಮ್ಮತಿ? ಅದು ಪಾಪವಲ್ಲ, ಶೋಕ. ಪಾಪಕ್ಕೆ ಕ್ಷಮೆ ಬೇಕು. ಶೋಕಕ್ಕೆ ಬೇಕಾದದ್ದು ಕೇಳುವ ಕಿವಿ, ಜೊತೆಗೆ ಕೂರುವ ಜನ. ಇವೆರಡನ್ನೂ ಬೆರೆಸಿದರೆ ಅವನು ಇಲ್ಲದ ಸಾಲವನ್ನು ಜೀವನವಿಡೀ ತೀರಿಸುತ್ತಲೇ ಇರುತ್ತಾನೆ.

ಹಾಗಾದರೆ ನಾವೇನು ಮಾಡಬಹುದು? ಕುತೂಹಲಕ್ಕಾಗಿ ಅವನಿಂದ ಆ ರಾತ್ರಿಯ ಕಥೆಯನ್ನು ಮತ್ತೆ ಮತ್ತೆ ಹೇಳಿಸದಿರೋಣ. ಅವನಾಗಿಯೇ ಹೇಳಲು ಬಂದಾಗ ಮಾತು ಬದಲಿಸದೆ ಕೇಳೋಣ. ಮರಳಿ ಕಡಲಿಗೆ ಹೋಗು ಎಂದಾಗಲಿ, ಹೋಗಬೇಡ ಎಂದಾಗಲಿ ಒತ್ತಾಯಿಸದಿರೋಣ. ಮಡಿದವರ ಮನೆಯ ಹೊಸ್ತಿಲು ತುಳಿಯಲು ಅವನಿಗೆ ಧೈರ್ಯ ಸಾಲದಿದ್ದರೆ ನಾವೂ ಜೊತೆಗೆ ಹೋಗೋಣ. ಕಡಲಲ್ಲಿ ಕೆಲವೊಮ್ಮೆ ದೇಹವೂ ಸಿಗುವುದಿಲ್ಲ, ಸಮಾಧಿಯೂ ಇರುವುದಿಲ್ಲ. ಆಗ ಆ ಮನೆಯವರಿಗೆ ಉಳಿಯುವುದು ಅವನು ತರುವ ಕೊನೆಯ ಮಾತುಗಳೇ. ಸತ್ತವನು ಯಾರ ಹೆಸರು ಕರೆದ, ಏನು ಹೇಳಿದ ಎಂಬುದು ಅವನೊಬ್ಬನಿಗೇ ಗೊತ್ತು. ಆ ಮಾತುಗಳನ್ನು ತಲುಪಿಸುವುದು ಸಾಲ ತೀರಿಸಿದಂತಲ್ಲ. ಅದು ಪ್ರೀತಿಯ ಸೇವೆ.

ನವೆಂಬರ್ 2ರಂದು ಮೃತ ವಿಶ್ವಾಸಿಗಳ ಸ್ಮರಣೆಯ ಬಲಿಪೂಜೆಯಲ್ಲಿ ಸಮಾಧಿ ಇಲ್ಲದವರ ಹೆಸರುಗಳನ್ನೂ ಓದಿಸೋಣ. ಅವರ ಮನೆಯವರ ಪಕ್ಕದಲ್ಲೇ ಉಳಿದವನಿಗೂ ಜಾಗ ಮಾಡಿಕೊಡೋಣ. "ನಾನೇಕೆ ಉಳಿದೆ?" ಎಂಬ ಪ್ರಶ್ನೆಗೆ ಈ ಲೋಕದಲ್ಲಿ ಉತ್ತರ ಸಿಗದಿರಬಹುದು. ಆದರೆ ಆ ಪ್ರಶ್ನೆಯನ್ನು ಅವನೊಬ್ಬನೇ ಹೊರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.