ಒಂದು ಗುಣದ ಸಾಕ್ಷಿ
‘ಬೀರು ಮಿದುಳಿಗೆ ಒಳ್ಳೆಯದಂತೆ’ ಎನ್ನುವವರ ಮಾತಿನಲ್ಲಿ ಎಳೆಯಷ್ಟು ನಿಜವಿದೆ. ಬೀರಿಗೆ ಕಹಿ ಕೊಡುವುದು ಹಾಪ್ಸ್ ಎಂಬ ಬಳ್ಳಿಯ ಹೂ. ಅದರೊಳಗಿನ ಕ್ಸಾಂಥೋಹ್ಯೂಮಾಲ್ ಎಂಬ ಅಂಶವನ್ನು ಮಿದುಳಿನ ಹಿತಕ್ಕಾಗಿ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದ್ದಾರೆ. ಆದರೆ ಬೀರಿನಲ್ಲಿ ಅದು ಅತ್ಯಲ್ಪ. ಮದ್ಯಸಾರ ಮಾತ್ರ ಇದ್ದೇ ಇದೆ. ಮದ್ಯದ ಯಾವ ಪ್ರಮಾಣವೂ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಅಕ್ಕೋಳ, ನಿಪ್ಪಾಣಿಯ ನಮ್ಮ ಸೀಮೆ ತಂಬಾಕಿನದು. ನಿಕೋಟಿನ್ ನೆನಪಿನ ಶಕ್ತಿಗೆ ನೆರವಾದೀತೇ ಎಂದೂ ವಿಜ್ಞಾನಿಗಳು ಪರೀಕ್ಷಿಸಿದ್ದುಂಟು. ಹಾಗೆಂದು ತಂಬಾಕಿನ ಧೂಳಿನಲ್ಲಿ ಕೆಮ್ಮುತ್ತ ದುಡಿಯುವ ಹೆಣ್ಣುಮಕ್ಕಳು ಬೀಡಿಯನ್ನು ಔಷಧ ಎಂದಾರೆಯೇ?

ಒಂದು ಗುಣ ತೋರಿಸಿ ಇಡೀ ವಸ್ತುವಿಗೆ ಮಾಫಿ ಕೊಡಿಸುವುದು ನ್ಯಾಯವಲ್ಲ. ಸಂಬಳ, ನಿದ್ದೆ, ಮಕ್ಕಳ ಅಂಜಿಕೆ ಇವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ಲೆಕ್ಕ ಗೊತ್ತಿರುವುದು ಮನೆಯ ಹೆಣ್ಣುಮಗಳಿಗೆ. ಅವಳನ್ನು ಕೇಳದೆ ಯಾವುದನ್ನೂ ಔಷಧವೆನ್ನಬಾರದು.