ಕಲೆಯ ಹುಟ್ಟೂ ಕಲೆಯ ಗುಣವೂ

ನದೀಮೂಲ ಋಷಿಮೂಲಗಳನ್ನು ಕೇಳಬಾರದೆಂದು ಹಿರಿಯರು ಹೇಳುವುದುಂಟು. ಈ ಮಾತು ಕಲೆಗೂ ಸಲ್ಲುವುದೆ? ಸರಕನ್ನು ಮಾರುವುದಕ್ಕಾಗಿ ಕಟ್ಟಿದ ಸ್ವರಮಾಲೆಯೊಂದು ಮುಂದೆ ಗಂಭೀರವಾದ ಕೃತಿಯಾಗಿ ಸಭಾಮಂದಿರದಲ್ಲಿ ಕೇಳಿಬಂದರೆ, ಅದನ್ನು ನಾವು ಯಾವ ಮನಸ್ಸಿನಿಂದ ಸ್ವೀಕರಿಸತಕ್ಕದ್ದು? ಟೆಲಿವಿಷನ್ನಿನ ಜಾಹೀರಾತು ಮನೆಮನೆಯನ್ನೂ ಹೊಕ್ಕಿರುವ ಈ ಕಾಲದಲ್ಲಿ ಇದು ವಿಚಾರಮಾಡಬೇಕಾದ ಪ್ರಶ್ನೆ.

ಇದಕ್ಕೆ ಒಳ್ಳೆಯ ನಿದರ್ಶನ ಕಾರ್ಲ್ ಜೆಂಕಿನ್ಸ್ ಅವರದು. ಅವರು 1944ರಲ್ಲಿ ವೇಲ್ಸ್ ದೇಶದ ಪೆನ್‌ಕ್ಲಾಡ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಉಪಾಧ್ಯಾಯರು, ಪ್ರಾರ್ಥನಾಮಂದಿರದಲ್ಲಿ ಆರ್ಗನ್ ನುಡಿಸಿ ಗಾಯನವೃಂದವನ್ನು ನಡೆಸುತ್ತಿದ್ದವರು. ಮಗನು ಕಾರ್ಡಿಫ್‌ನಲ್ಲಿಯೂ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿಯೂ ಸಂಗೀತವನ್ನು ಕಲಿತು, ಜಾಸ್ ಮೇಳಗಳಲ್ಲಿ ನುಡಿಸಿ, ಬಳಿಕ ಜಾಹೀರಾತುಗಳಿಗೆ ಸಂಗೀತವನ್ನೊದಗಿಸುವ ವೃತ್ತಿಯನ್ನು ಹಿಡಿದರು. 1990ರ ದಶಕದಲ್ಲಿ ಡಿ ಬೀರ್ಸ್ ಎಂಬ ವಜ್ರದ ಕಂಪೆನಿಗಾಗಿ ಅವರು ರಚಿಸಿದ ತಂತೀವಾದ್ಯಗಳ ಸ್ವರಮಾಲೆ ಜನರ ಕಿವಿಯಲ್ಲಿ ನೆಲೆನಿಂತಿತು. ಅದನ್ನೇ ಬೆಳೆಸಿ ಮೂರು ಭಾಗಗಳ ವಾದ್ಯವೃಂದಕೃತಿಯೊಂದನ್ನು ಮಾಡಿ, 1996ರಲ್ಲಿ ‘ಡೈಮಂಡ್ ಮ್ಯೂಸಿಕ್’ ಎಂಬ ಧ್ವನಿಮುದ್ರಿಕೆಯಲ್ಲಿ ಹೊರತಂದರು. ಕೃತಿಗೆ ಇಟ್ಟ ಹೆಸರು ‘ಪಲ್ಲಾಡಿಯೊ’. 16ನೆಯ ಶತಮಾನದ ಇಟಲಿಯಲ್ಲಿ ಅಳತೆ ತಪ್ಪದ ಭವನಗಳನ್ನು ಕಟ್ಟಿದ ವಾಸ್ತುಶಿಲ್ಪಿಯ ಹೆಸರದು. ಹೀಗೆ ಮುದ್ರಿಕೆಯ ಹೆಸರು ಅಂಗಡಿಯನ್ನು ನೆನಪಿಗೆ ತಂದರೆ, ಕೃತಿಯ ಹೆಸರು ಶಿಲ್ಪವನ್ನು ನೆನಪಿಗೆ ತರುತ್ತದೆ.

ಕೂಲಿಗಾಗಿ ಹುಟ್ಟಿದ್ದು ಕಲೆಯೇ ಅಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಈ ಪಕ್ಷ ನಿಲ್ಲಲಾರದು. ಹೈಡನ್ 1761ರಲ್ಲಿ ಎಸ್ಟರ್‌ಹಾಜಿ ಮನೆತನದ ಸೇವೆಗೆ ಸೇರಿ, ಪರಿಚಾರಕರ ಉಡುಪನ್ನು ತೊಟ್ಟು ವಾದ್ಯಗಾರರನ್ನು ನಡೆಸಿದನು. ನಮ್ಮ ಪಂಪನು 941ರ ತನ್ನ ಭಾರತದಲ್ಲಿ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಗೂಡಿಸಿದನು. ಇವರ ಕೃತಿಗಳನ್ನು ಯಾರೂ ಹೀಗಳೆಯುವುದಿಲ್ಲ. ಆದುದರಿಂದ ದೋಷವೆಂಬುದು ಇದ್ದರೆ ಅದು ಹಣದಲ್ಲಿಲ್ಲ.

ಆದರೂ ಅರಸನಿಗೂ ವರ್ತಕನಿಗೂ ಒಂದು ಭೇದವುಂಟು. ಅರಸನು ಬಯಸಿದ್ದು ಹೊಗಳಿಕೆ. ಅದನ್ನು ಕವಿ ಎಲ್ಲರೆದುರಿಗೆ ಹೇಳಿದನು, ಕೇಳುವವನು ಅದು ಹೊಗಳಿಕೆಯೆಂದೇ ಅರಿತು ಕೇಳಿದನು. ವರ್ತಕನಿಗೆ ಬೇಕಾದುದು ಸಂಗೀತವಲ್ಲ, ಸಂಗೀತದಿಂದ ನಮ್ಮ ಮನಸ್ಸಿನಲ್ಲಿ ಉಂಟಾಗುವ ಮಾರ್ದವ. ವಜ್ರವು ಎಂದೆಂದಿಗೂ ಇರುವುದೆಂಬ ಘೋಷಣೆಯನ್ನು ಆ ಕಂಪೆನಿಗಾಗಿ 1947ರಲ್ಲಿ ಹೊಸೆಯಲಾಯಿತು. ವಜ್ರವು ಇದ್ದಿಲಿನ ಧಾತುವೇ. ಬಲವಾಗಿ ಕಾಯಿಸಿ ಆಮ್ಲಜನಕವನ್ನೂಡಿದರೆ ಉರಿದು ಅನಿಲವಾಗಿ ಹೋಗುತ್ತದೆ. ಬರಿಯ ಮಾತಿನಲ್ಲಿ ಹೇಳಿದರೆ ಬುದ್ಧಿ ಒಪ್ಪದಿರುವುದನ್ನು, ಸ್ವರದೊಡನೆ ಹೇಳಿದಾಗ ಹೃದಯ ಒಪ್ಪಿಬಿಡುತ್ತದೆ. ದಾಂಪತ್ಯದ ಸ್ಥೈರ್ಯ, ಭಕ್ತಿ, ಹಂಬಲ ಎಂಬ ಮೇಲಾದ ಭಾವಗಳನ್ನೆಬ್ಬಿಸಿ, ಅವು ಪಕ್ವವಾಗುವ ಮೊದಲೇ ಒಂದು ಕಲ್ಲಿನತ್ತ ತಿರುಗಿಸಲಾಗುತ್ತದೆ. ಧರ್ಮದ ಪ್ರಶ್ನೆ ಇರುವುದು ಇಲ್ಲಿ. ಹೀಗೆ ಮತ್ತೆ ಮತ್ತೆ ವೆಚ್ಚವಾದ ಭಾವ, ನಿಜವಾಗಿ ಬೇಕಾದ ಹೊತ್ತಿನಲ್ಲಿ ಹೃದಯದಲ್ಲಿ ಉಳಿದಿರುವುದೆ?

ಇದಕ್ಕೆ ಸ್ವರವನ್ನು ಹೊಣೆಮಾಡಲಾಗದು. ಮಾತಿಗೆ ಅರ್ಥದ ಕಟ್ಟಿದೆ, ನಾದಕ್ಕೆ ಅದಿಲ್ಲ. ರಾಗದ ಆಲಾಪನೆ ಕರುಣೆಯನ್ನು ಹುಟ್ಟಿಸೀತು; ಯಾರ ಮೇಲೆ ಕರುಣೆಯೆಂದು ಹೇಳಲಾರದು. ಆದುದರಿಂದಲೇ ಅದು ಕರೆದವರೆಲ್ಲರ ಹಿಂದೆ ಹೋಗುತ್ತದೆ. ಕಲ್ಲನ್ನೂ ಚಿತ್ರವನ್ನೂ ತೆಗೆದುಹಾಕಿ ಕೃತಿಯನ್ನು ಪೂರ್ತಿಯಾಗಿ ನುಡಿಸಿದಾಗ, ಕೇಳುವವನ ಕೈಹಿಡಿದೆಳೆಯುವವರು ಯಾರೂ ಇಲ್ಲ. ‘ಪಲ್ಲಾಡಿಯೊ’ದ ನಡುಭಾಗ ವಿಳಂಬಗತಿಯಲ್ಲಿ ಸಾಗುವಂಥದು, ಅರ್ಧ ನಿಮಿಷದ ಜಾಹೀರಾತಿನಲ್ಲಿ ಅಂಥ ತಾಳ್ಮೆಗೆ ಎಡೆಯೆಲ್ಲಿ? ಅಲ್ಲಿ ಭಾವ ತನ್ನ ಹಾದಿಯನ್ನು ತಾನೇ ನಡೆದು ಮುಗಿಸುತ್ತದೆ.

ಇನ್ನೊಂದು ಸಂಗತಿಯನ್ನೂ ನೋಡಬೇಕು. ಅದೇ ಜೆಂಕಿನ್ಸ್ ಅವರು ‘ದಿ ಆರ್ಮ್ಡ್ ಮ್ಯಾನ್’ ಎಂಬ ಶಾಂತಿಯ ಆರಾಧನಾಸಂಗೀತವನ್ನು ರಚಿಸಿದರು. 2000ದಲ್ಲಿ ಲಂಡನ್ನಿನಲ್ಲಿ ಮೊದಲು ಹಾಡಲಾದ ಆ ಕೃತಿ ಕೊಸೊವೊ ಯುದ್ಧದಲ್ಲಿ ನೊಂದವರಿಗೆ ಅರ್ಪಿತವಾದುದು. ಅದರಲ್ಲಿ ನಮ್ಮ ಮಹಾಭಾರತದಿಂದ ತೆಗೆದ ಭಾಗವೂ ಇದೆ. ಅದನ್ನು ಮಾಡಿಸಿದ್ದು ಇಂಗ್ಲೆಂಡಿನ ಆಯುಧಗಳ ವಸ್ತುಸಂಗ್ರಹಾಲಯ. ಅದೂ ಬೇರೊಬ್ಬರ ಕೋರಿಕೆಯಿಂದ ಹುಟ್ಟಿದ್ದೇ, ಮಾಡಿದ ಕೈಯೂ ಅದೇ. ಬೇರೆಯಾದುದು ಒಂದೇ: ಒಂದೆಡೆ ಕೇಳುವವನನ್ನು ಅಂಗಡಿಯ ಬಾಗಿಲಿಗೆ ಕರೆದೊಯ್ದರು, ಇನ್ನೊಂದೆಡೆ ಪರರ ದುಃಖದ ಬಳಿಗೆ.

ಆದಕಾರಣ ಹಿರಿಯರ ಮಾತು ಕಲೆಗೂ ಸಲ್ಲುವುದೆಂದೇ ಹೇಳಬಹುದು. ಆದರೆ ಅದರಿಂದ ನಮ್ಮ ಹೊಣೆ ಹಗುರವಾಗುವುದಿಲ್ಲ. ಸ್ವರದ ಕುಲವನ್ನು ಕೇಳಬೇಕಾಗಿಲ್ಲ. ಅದನ್ನು ನಮ್ಮ ಮನೆಗೆ ಕರೆತಂದವನು ನಮ್ಮಿಂದ ಏನನ್ನು ಕೇಳುತ್ತಾನೆಂಬುದನ್ನು ಮಾತ್ರ ಪ್ರತಿಸಲವೂ ವಿಚಾರಿಸಿಕೊಳ್ಳತಕ್ಕದ್ದು.