ದೋಷ ಎಲ್ಲಿದೆ? ದೋಷ ಯಾರದು?

ರಾಯಕೋಟೆಯ ದುರ್ಗದ ಮೇಲೆ ನಿಂತು ಯಾವ ದಿಕ್ಕಿಗೆ ದೃಷ್ಟಿ ಹಾಯಿಸಿದರೂ ಕಾಣುವುದು ಬಂಡೆಗುಡ್ಡಗಳು, ಟೊಮೇಟೊ ಹೊಲಗಳು, ಮಾವಿನ ತೋಪುಗಳು. ಕಡಲು ನಮಗೆ ಬಹುದೂರ. ಆದರೂ ಈ ಲೇಖನದಲ್ಲಿ ನಾವು ಒಂದು ದೋಣಿಯ ಡೀಸೆಲ್ ಎಂಜಿನ್ನಿನವರೆಗೂ ಹೋಗಬೇಕಾಗಿದೆ. ದಾರಿ ಮಾತ್ರ ನಮ್ಮೂರಿನ ಬಾವಿಯ ದಡದಿಂದಲೇ ಹೊರಡುತ್ತದೆ.

ವಿದ್ಯುತ್ ತಂತಿ ಎಲ್ಲ ಹೊಲಗಳನ್ನೂ ಮುಟ್ಟುವ ಮುನ್ನ ನಮ್ಮ ಸೀಮೆಯ ಬಾವಿಗಳಿಂದ ನೀರೆತ್ತುತ್ತಿದ್ದುದು ಮೊದಲು ಎತ್ತುಗಳ ಕಪಿಲೆ, ಅನಂತರ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್. ನಮ್ಮ ಮನೆಯ ಬಾವಿಗೂ ಅಂಥದೊಂದು ಇತ್ತು. ಟೊಮೇಟೊ ಕಾಯಿಕಟ್ಟುತ್ತಿದ್ದ ಒಂದು ಬೇಸಿಗೆಯಲ್ಲಿ ಅದಕ್ಕೊಂದು ವಿಚಿತ್ರ ರೋಗ ತಗುಲಿತು. ಚಾಲನೆಗೊಂಡ ಅರ್ಧ ಗಂಟೆಗೆಲ್ಲ ಸದ್ದು ಕುಗ್ಗಿ ನಿಂತುಬಿಡುತ್ತಿತ್ತು. ಮುಚ್ಚಳ ತೆರೆದು ಡೀಸೆಲ್ ಇದೆಯೆಂಬುದನ್ನು ನೋಡಿ, ಕೊಳವೆಯಲ್ಲಿ ಸೇರಿದ ಗಾಳಿಯನ್ನು ಹೊರಬಿಟ್ಟು, ಮತ್ತೆ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಇನ್ನರ್ಧ ಗಂಟೆಗೆ ಮತ್ತೆ ಮೌನ. ಹೊಲ ಬಾಡತೊಡಗಿತು.

ಎಂಜಿನ್ ನೋಡಿಕೊಳ್ಳುತ್ತಿದ್ದವನು ಹದಿನೇಳರ ಹುಡುಗ. ಡೀಸೆಲ್ ತಂದು ತುಂಬುತ್ತಿದ್ದವನೂ ಅವನೇ. ಅದನ್ನು ಮಾರಿಕೊಂಡು ಸೀಮೆಎಣ್ಣೆ ಬೆರೆಸಿರಬೇಕೆಂದು ಮನೆಯಲ್ಲಿ ಒಬ್ಬರು ಅಂದರು. ಸಂಜೆಯ ಹೊತ್ತಿಗೆ ಅದು ಎಲ್ಲರ ಮಾತಾಯಿತು. ಹುಡುಗ ಇಲ್ಲವೆಂದನು. ಮೂರನೆಯ ದಿನ ಅವನು ಕೆಲಸಕ್ಕೆ ಬರಲಿಲ್ಲ. ಬಾರದಿರುವುದೇ ಸಾಕ್ಷಿಯೆಂದು ನಾವು ತೀರ್ಮಾನಿಸಿದೆವು.

ನಾಲ್ಕನೆಯ ದಿನ ಪೇಟೆಯಿಂದ ಮೆಕ್ಯಾನಿಕ್ ಬಂದರು. ನಾವು ಹುಡುಗನ ಕಥೆಯನ್ನು ಹೇಳತೊಡಗಿದಾಗ ಅವರು ಕೈಯೆತ್ತಿ ತಡೆದು, ಒಮ್ಮೆಲೇ ನಿಲ್ಲುತ್ತದೆಯೋ, ಕುಗ್ಗಿ ಕುಗ್ಗಿ ನಿಲ್ಲುತ್ತದೆಯೋ, ಹೊಗೆಯ ಬಣ್ಣ ಬದಲಾಗುತ್ತದೆಯೋ, ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದಷ್ಟೇ ಕೇಳಿದರು. ಎಂಜಿನ್ ಓಡಿಸಿ, ನಿಲ್ಲುವವರೆಗೆ ಕಾದು, ಟ್ಯಾಂಕಿನ ಮುಚ್ಚಳವನ್ನು ಮೆಲ್ಲನೆ ತಿರುಗಿಸಿದರು. ಸುಯ್ ಎಂದು ಗಾಳಿ ಒಳನುಗ್ಗಿತು. ಮುಚ್ಚಳದಲ್ಲಿ ಗಾಳಿಯಾಡಲೆಂದು ಬಿಟ್ಟಿದ್ದ ಸಣ್ಣ ತೂತು ಮುಚ್ಚಿಹೋಗಿತ್ತು. ಡೀಸೆಲ್ ಕೆಳಗಿಳಿದಂತೆಲ್ಲ ಅದರ ಜಾಗಕ್ಕೆ ಗಾಳಿ ಬಾರದೆ, ಹರಿವು ನಿಂತು, ಎಂಜಿನ್ ಹಸಿದು ಸಾಯುತ್ತಿತ್ತು. ಮುಚ್ಚಳ ತೆರೆದಾಗಲೆಲ್ಲ ರೋಗವೂ ತಾನಾಗಿ ವಾಸಿಯಾಗುತ್ತಿತ್ತು. ಒಂದು ಸೂಜಿಯಿಂದ ಅವರು ಕೆಲಸ ಮುಗಿಸಿದರು.

ಆ ತೂತನ್ನು ಅರಗಿನಿಂದ ಮುಚ್ಚಿದವರು ನಾವೇ. ಮಳೆಯ ನೀರು ಇಳಿದೀತೆಂಬ ಮುಂಜಾಗ್ರತೆಯಿಂದ ಹಾಗೆ ಮಾಡಿದ್ದೆವು. ಮುಚ್ಚಳ ತೆರೆದಾಗಲೆಲ್ಲ ಆ ಅರಗು ನಮ್ಮ ಬೆರಳಿಗೆ ತಾಗಿತ್ತು. ಅದನ್ನು ಕಾರಣವೆಂದು ಎಣಿಸಲಿಲ್ಲ. ಏಕೆಂದರೆ ಅದನ್ನಿಟ್ಟವರು ನಾವಾಗಿದ್ದೆವು.

ಕನ್ನಡದಲ್ಲಿ ದೋಷವೆಂಬ ಒಂದೇ ಪದ ಎರಡು ಅರ್ಥಗಳನ್ನು ಹೊರುತ್ತದೆ. ಯಂತ್ರದಲ್ಲಿರುವ ಕೊರತೆಯೂ ದೋಷವೇ, ಮನುಷ್ಯನ ತಪ್ಪೂ ದೋಷವೇ. ಆದ್ದರಿಂದಲೋ ಏನೋ, ದೋಷ ಎಲ್ಲಿದೆ ಎಂದು ಕೇಳಬೇಕಾದಲ್ಲಿ ನಮ್ಮ ನಾಲಗೆ ದೋಷ ಯಾರದು ಎಂದು ಕೇಳಿಬಿಡುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರ ಬೇಗ ಸಿಗುತ್ತದೆ. ನಮಗಿಂತ ದುರ್ಬಲನೊಬ್ಬ ಹತ್ತಿರದಲ್ಲಿದ್ದರೆ ಸಾಕು.

ಡೀಸೆಲ್ ಎಂಜಿನ್ನಿನ ಸ್ವಭಾವವೇ ಮೊದಲನೆಯ ಪ್ರಶ್ನೆಯನ್ನು ಕಲಿಸುವಂಥದು. ಅದರಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಒಳಗಿನ ಗಾಳಿಯನ್ನು ಬಲವಾಗಿ ಅದುಮಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಗಾಳಿಗೆ ತುಂತುರಾಗಿ ಬಿದ್ದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ನೋಡಬೇಕಾದ ಮುಖ್ಯ ವಿಷಯಗಳು ಮೂರು: ಇಂಧನ ಬರುತ್ತಿದೆಯೇ, ಗಾಳಿ ಬರುತ್ತಿದೆಯೇ, ಅದುಮುವ ಬಲ ಉಳಿದಿದೆಯೇ. ಅನುಭವಿಗಳು ಸುಲಭವಾದುದರಿಂದ ಕಠಿಣವಾದುದರ ಕಡೆಗೆ ಹೋಗುತ್ತಾರೆ, ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾರೆ. ಹೊಗೆಯೂ ಸಾಕ್ಷಿ ಹೇಳುತ್ತದೆ. ಕಪ್ಪು ಹೊಗೆ ಗಾಳಿ ಸಾಲದೆಂದೋ ಇಂಧನ ಹೆಚ್ಚಾಯಿತೆಂದೋ ಸೂಚಿಸಿದರೆ, ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿದೆಯೆಂದು ಹೇಳುತ್ತದೆ.

ಇದೇ ಎಂಜಿನ್ ಕಡಲಿಗಿಳಿದಾಗ ಪಾಠ ಇನ್ನೂ ಕಠಿಣವಾಗುತ್ತದೆ. 1952ರಲ್ಲಿ ಒಪ್ಪಂದವಾಗಿ ಕೊಲ್ಲಂ ಬಳಿಯ ನೀಂಡಕರದಲ್ಲಿ ಆರಂಭವಾದ ಭಾರತ-ನಾರ್ವೆ ಮೀನುಗಾರಿಕಾ ಯೋಜನೆ ಮುಂದೆ ಕಾರವಾರಕ್ಕೂ ಬಂದಿತು. ಯಂತ್ರದ ದೋಣಿಗಳು ನಮ್ಮ ಕರಾವಳಿಯಲ್ಲಿ ಹೆಚ್ಚಿದವು. ಹೊಲದಲ್ಲಿ ಎಂಜಿನ್ ನಿಂತರೆ ಮರದ ನೆರಳಿನಲ್ಲಿ ಕುಳಿತು ಯಾರನ್ನಾದರೂ ಬೈಯಬಹುದು. ಅಲೆಗಳ ನಡುವೆ ಅದಕ್ಕೆ ಬಿಡುವಿಲ್ಲ. ದೋಣಿಯನ್ನು ಗಾಳಿ ಬಂಡೆಯ ಕಡೆಗೆ ತಳ್ಳುತ್ತಿರುತ್ತದೆ. ಅಲ್ಲಿ ಮೊದಲ ಕೆಲಸ ಎಂಜಿನ್ನಿನ ಬಳಿ ಇರುವುದಿಲ್ಲ. ನೀರಿನ ಆಳ ಸಾಲುವಲ್ಲಿ ಲಂಗರು ಇಳಿಸಬೇಕು. ಜನ ಸುರಕ್ಷಿತರಾದ ಮೇಲೆಯೇ ದೋಷದ ಶೋಧ.

ಅಲ್ಲಿ ಪದೇ ಪದೇ ಕಾಣುವ ಕಾರಣವೊಂದುಂಟು. ಡೀಸೆಲ್ಲಿಗಿಂತ ನೀರು ಭಾರವಾದ್ದರಿಂದ ಟ್ಯಾಂಕಿನೊಳಗೆ ಸೇರಿದ ನೀರು ಕಸರಿನೊಡನೆ ತಳದಲ್ಲಿ ನಿಲ್ಲುತ್ತದೆ. ಕಡಲು ಶಾಂತವಾಗಿರುವಷ್ಟು ದಿನ ಎಂಜಿನ್ನಿಗೆ ಅದರ ಅರಿವೇ ಇರುವುದಿಲ್ಲ. ಕಡಲು ಎದ್ದ ದಿನ ತಳದ ಕಸರು ಕದಡಿ, ಫಿಲ್ಟರ್ ಕಟ್ಟಿಕೊಂಡು, ಎಂಜಿನ್ ಅತ್ಯಂತ ಬೇಕಾದ ಗಳಿಗೆಯಲ್ಲೇ ಅದು ನಿಲ್ಲುತ್ತದೆ. ಆಗ ಚುಕ್ಕಾಣಿ ಹಿಡಿದವನನ್ನು ದೂರುವುದು ಸುಲಭ. ಆದರೆ ಕಸರು ಕೂಡಿದ್ದು ಅವನ ಸರದಿಯಲ್ಲಿ ಮಾತ್ರವಲ್ಲ. ತಳದ ನೀರನ್ನು ಹೊರಬಿಡದೆ ಕಳೆದ ಎಷ್ಟೋ ಶಾಂತ ದಿನಗಳಲ್ಲಿ.

ಹಾಗಾದರೆ ಯಾರೂ ಹೊಣೆಗಾರರಲ್ಲವೇ? ಈ ಆಕ್ಷೇಪ ಸಹಜವಾದುದು, ತಳ್ಳಿಹಾಕುವಂಥದಲ್ಲ. ಫಿಲ್ಟರ್ ಬದಲಿಸಬೇಕಾದವನು ಬದಲಿಸದಿದ್ದರೆ ಅದು ಅವನ ತಪ್ಪೇ. ನಿಜವಾಗಿ ಡೀಸೆಲ್ ಕದಿಯುವವರೂ ಇದ್ದಾರೆ. ಹೊಣೆಯ ಪ್ರಶ್ನೆಯನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಅದು ಎರಡನೆಯದಾಗಿ ಬರಲಿ ಎನ್ನುತ್ತೇವೆ. ದೋಷದ ನೆಲೆ ತಿಳಿಯುವ ಮುನ್ನ ಹೊರಿಸಿದ ಹೊಣೆ ಕೇವಲ ಊಹೆ. ನೆಲೆ ತಿಳಿದ ಮೇಲೆ ಹೊರಿಸಿದ ಹೊಣೆ ಮಾತ್ರ ನ್ಯಾಯ. ಆ ಕ್ರಮದಲ್ಲಿ ಹೋದರೆ ಇನ್ನೊಂದು ಪ್ರಯೋಜನವೂ ಉಂಟು: ಹುಡುಕಾಟದ ಕೊನೆಯಲ್ಲಿ ನಮ್ಮದೇ ಅರಗು ಕಂಡರೂ ಕಾಣಬಹುದು.

ಮನೆಮನೆಗಳಲ್ಲಿಯೂ, ನಮ್ಮಂಥ ಸಂಘಗಳಲ್ಲಿಯೂ ಇದೇ ಮಾತು ಸಲ್ಲುತ್ತದೆ. ಗಡಿನಾಡಿನ ನಮ್ಮ ಮಕ್ಕಳು ಕನ್ನಡ ಆಡಿದರೂ ಓದಲಾರರೆಂಬ ಕೊರಗು ಪ್ರತಿ ಸಮ್ಮೇಳನದಲ್ಲಿಯೂ ಕೇಳಿಬರುತ್ತದೆ. ಕೂಡಲೇ ಶಾಲೆಯನ್ನೋ, ಸರಕಾರವನ್ನೋ, ಮಕ್ಕಳನ್ನೋ ದೂರುತ್ತೇವೆ. ಅವುಗಳಲ್ಲಿ ಕೆಲವು ದೂರುಗಳು ನಿಜವೂ ಇರಬಹುದು. ಆದರೆ ಮೆಕ್ಯಾನಿಕ್ಕಿನಂತೆ ಸುಲಭವಾದ ಸ್ಥಾನದಿಂದ ಆರಂಭಿಸಿ, ಹರಿವು ಎಲ್ಲಿ ನಿಂತಿದೆಯೆಂದು ನೋಡಿದ್ದೇವೆಯೇ? ಮನೆಯಲ್ಲಿ ಕನ್ನಡ ಪುಸ್ತಕ ಎಷ್ಟಿವೆ, ಮಗುವಿಗೆ ಓದಿ ಹೇಳುವವರು ಯಾರು, ಅಂಗಡಿಯ ಚೀಟಿಯನ್ನು ನಾವು ಯಾವ ಲಿಪಿಯಲ್ಲಿ ಬರೆಯುತ್ತೇವೆ? ಮಗುವಿಗೆ ಹೊರೆಯಾಗದಿರಲೆಂಬ ಒಳ್ಳೆಯ ಉದ್ದೇಶದಿಂದಲೇ ನಾವು ಯಾವುದಾದರೂ ತೂತನ್ನು ಮುಚ್ಚಿರಬಹುದು.

ಆ ಬೇಸಿಗೆಯಲ್ಲಿ ಎಂಜಿನ್ ಅಂದೇ ಸರಿಹೋಯಿತು, ಬೆಳೆಯೂ ಉಳಿಯಿತು. ಹುಡುಗನ ಮನೆಗೆ ಹೋಗಿ ನಡೆದುದನ್ನು ಹೇಳಬೇಕೆಂದು ಅನ್ನಿಸಿದರೂ, ನಾಚಿಕೆಯಿಂದ ಇಂದು ನಾಳೆ ಎಂದು ಮುಂದೂಡಿದೆವು. ಹೋದಾಗ ಮನೆಗೆ ಬೀಗ ಹಾಕಿತ್ತು. ಕೆಲಸ ಅರಸಿ ಹೊಸೂರಿನ ಕಡೆಗೆ ಹೋದರೆಂದು ನೆರೆಯವರು ಹೇಳಿದರು. ಊರಿನವರ ಬಾಯಲ್ಲಿ ಅವನು ಡೀಸೆಲ್ ಕದ್ದವನಾಗಿಯೇ ಉಳಿದನು.

ಈ ಸಂಚಿಕೆ ಅವನ ಕೈಸೇರುವ ಸಂಭವ ಕಡಿಮೆ. ಆದರೂ ಅಂದು ಹೇಳಬೇಕಾಗಿದ್ದುದನ್ನು, ಅಂದಿನ ಮಾತನ್ನು ಕೇಳಿದ್ದ ಕೆಲವರಾದರೂ ಓದುವ ಈ ಪುಟದಲ್ಲಿ ಬರೆದಿಡುತ್ತೇವೆ. ಡೀಸೆಲ್ಲಿನಲ್ಲಿ ಬೆರಕೆ ಇರಲಿಲ್ಲ. ತೂತನ್ನು ಮುಚ್ಚಿದವರು ನಾವು.